ಓಗೊಡದ ಹೊಲ

“ಬುದ್ಧಿ, ಮಾತು ಬಿಡುವುದಕ್ಕೆ ಮೊದಲು ನಾನು ಕಲಿಯಬೇಕಾದದ್ದು ಇನ್ನೇನಾದರೂ ಉಳಿದಿದೆಯೇ?”

ಹೀಗೆ ಕೇಳಿದವನು ಗುರುಮಲ್ಲ. ಮಠದಲ್ಲಿ ಓದು ಮುಗಿಸಿದ ಶಿಷ್ಯ. ಬೆಟ್ಟದ ಮೇಲಿನ ಗವಿಗೆ ಹೋಗಿ ಒಬ್ಬನೇ ಇದ್ದು ಮೌನವ್ರತ ಹಿಡಿಯುವುದೆಂದು ತೀರ್ಮಾನಿಸಿದ್ದ. ಗಂಟು ಕಟ್ಟಿಯೂ ಆಗಿತ್ತು. ಮಠದ ಗುರುಗಳಾದ ಅಯ್ಯನವರು ಹೂಂ ಎಂದರೆ ಹೊರಡುವುದೊಂದೇ ಬಾಕಿ.

ಅಯ್ಯನವರು ಹುಣಿಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು. ತಲೆ ಎತ್ತಲಿಲ್ಲ.

“ಕೋವಿ ಕೊಳ್ಳಲು ಹೊರಟ ರೈತನೊಬ್ಬ ಇಂಥದ್ದೇ ಪ್ರಶ್ನೆ ಕೇಳಿದ್ದ. ಅವನ ಕತೆ ಕೇಳಿಕೊಂಡು ಹೋಗು. ಗವಿ ಎಲ್ಲಿಗೂ ಓಡಿಹೋಗುವುದಿಲ್ಲ,” ಎಂದು ಕತೆ ಶುರು ಮಾಡಿದರು.

ಕಾಡಿನ ಅಂಚಿನಲ್ಲಿ ಒಬ್ಬ ರೈತನಿದ್ದ. ಅಲ್ಲಿ ಹೊಲಗಳೆಲ್ಲ ಒಂದು ಸಾಲಾಗಿವೆ. ಮೂಡಲ ಕಡೆ ದಿಬ್ಬ, ಪಡುವಲಿಗೆ ಹಳ್ಳ, ಹಳ್ಳದಾಚೆ ಮತ್ತೆ ಹೊಲಗಳು. ಇವನದು ಹಳ್ಳದ ಪಕ್ಕದ ತಗ್ಗಿನ ಹೊಲ. ಕಡಲೆಕಾಯಿ ಬೆಳೆಯುತ್ತಿದ್ದ. ಮಕ್ಕಳಿರಲಿಲ್ಲ. ಇದ್ದವಳು ಹೆಂಡತಿ ಒಬ್ಬಳು. ಅವಳೂ ಹಿಂದಿನ ವರ್ಷ ಜ್ವರ ಬಂದು ತೀರಿಕೊಂಡಳು.

ತಿಥಿ ಮುಗಿಯುವ ತನಕ ಜನ ಬಂದರು, ಕೂತರು, ಸಮಾಧಾನ ಹೇಳಿದರು. ಆ ಸಮಾಧಾನ ಅವನಿಗೆ ಬೇಡವಾಗಿತ್ತು. ಏನು ಕೇಳಿದರೂ ಹೂಂ ಎನ್ನದೆ ಕೂತ. ಹೂಂ ಎನ್ನದವನ ಎದುರು ಯಾರು ತಾನೇ ಎಷ್ಟು ಹೊತ್ತು ಕೂತಾರು? ಎದ್ದು ಅವರವರ ಕೆಲಸಕ್ಕೆ ಹೋದರು. ಯಾರ ಜೊತೆಗೂ ಅವನಿಗೆ ಜಗಳವಿರಲಿಲ್ಲ. ಜಗಳವಾಡಿ ಮಾತು ಬಿಟ್ಟವರಾದರೆ ಎದುರುಬದುರು ಕೂರಿಸಿ ರಾಜಿ ಮಾಡಿಸಬಹುದು. ಸುಮ್ಮನೆ ಮಾತು ಬಿಟ್ಟವನನ್ನು ಯಾರ ಜೊತೆ ರಾಜಿ ಮಾಡಿಸುವುದು? ಊರಿನವರು ಅವನನ್ನು ಅವನ ಪಾಡಿಗೆ ಬಿಟ್ಟರು.

ಮನೆಯೊಳಗೆ ಮಲಗಲು ಅವನಿಂದ ಆಗುತ್ತಿರಲಿಲ್ಲ. ಊರ ದಾರಿಯಲ್ಲಿ ಹೋದರೆ ಯಾರಾದರೂ “ಊಟ ಆಯ್ತಾ?” ಎಂದಾರು ಎಂಬ ಹೆದರಿಕೆ. ಎಂಥ ಹೆದರಿಕೆ ನೋಡು! ಅದಕ್ಕೇ ಸಂಜೆಯಾದರೆ ಹಳ್ಳದೊಳಗೆ ಇಳಿದು, ಯಾರ ಕಣ್ಣಿಗೂ ಬೀಳದೆ ಹೊಲಕ್ಕೆ ಬಂದು, ಕಾವಲಿನ ಅಟ್ಟಣೆ ಹತ್ತಿ ಮಲಗುತ್ತಿದ್ದ. ಬೆಂಕಿ ಹಾಕುತ್ತಿರಲಿಲ್ಲ. ಹಂದಿ ಬಂದರೆ ಕಲ್ಲು ಎಸೆಯುತ್ತಿದ್ದನೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಹೀಗೇ ಒಂದು ಬೆಳೆ ಕಳೆಯಿತು. ಎರಡನೆಯ ಬೆಳೆ ಕಾಯಿ ಕಟ್ಟುವ ಹೊತ್ತಿಗೆ ಅವನು ಒಂದು ಕೋವಿ ಕೊಳ್ಳುವ ಮನಸ್ಸು ಮಾಡಿದ.

ಆ ಸೀಮೆಯಲ್ಲಿ ಕೋವಿ ಬೇಕೆನ್ನುವವರು ಪರವಾನಗಿ ಕೇಳುವುದಕ್ಕೆ ಮೊದಲು ಒಬ್ಬ ಮುದಿ ಸಿಪಾಯಿಯ ಬಳಿ ಹೋಗುವುದು ರೂಢಿ. ಸೈನ್ಯದಿಂದ ನಿವೃತ್ತನಾಗಿ ಬಂದವನು. ಊರಾಚೆಯ ಹಳೇ ಕಲ್ಲುಕ್ವಾರಿಯಲ್ಲಿ ಬಂದವರಿಗೆ ಕೋವಿಯ ಪಾಠ ಹೇಳುತ್ತಿದ್ದ. ರೈತ ಅಲ್ಲಿಗೆ ಹೋದ. ಬಹಳ ದಿನ ಬಳಸದ ಗಂಟಲು, ಮಾತು ಕೆಮ್ಮಿನ ಜೊತೆ ಬಂತು.

“ಕೋವಿ ತಗೋಬೇಕು ಅಂತಿವ್ನಿ ಅಣ್ಣ. ಅದಕ್ಕೆ ಮೊದಲು ಏನೇನು ಕಲೀಬೇಕು?”

“ಯಾತಕ್ಕಪ್ಪ ಕೋವಿ?”

“ಹಂದಿ ಕಾಟ.”

ಸಿಪಾಯಿ ಇನ್ನೇನೂ ಕೇಳಲಿಲ್ಲ. ಒಳಗಿನಿಂದ ಜಾಲಿಮರದಲ್ಲಿ ಕೆತ್ತಿದ ಸುಳ್ಳು ಕೋವಿಯೊಂದನ್ನು ತಂದು ಕೈಗೆ ಕೊಟ್ಟ. “ಇದನ್ನ ಮನೆಗೆ ತಗೊಂಡು ಹೋಗು. ಉಣ್ಣುವಾಗ, ಕೂರುವಾಗ, ನಡೆಯುವಾಗ ನಿನ್ನ ಜೊತೇಲಿರಲಿ. ಇದರ ಬಾಯಿ ಯಾವ ಜೀವದ ಕಡೆಗೂ ತಿರುಗಬಾರದು. ತಿರುಗಿದರೆ ಬಂದು ಹೇಳು,” ಎಂದ.

ಅದೇ ವೇಳೆಯಲ್ಲಿ ಒಬ್ಬ ಜವಳಿ ವ್ಯಾಪಾರಿಯೂ ಕಲಿಯಲು ಬರುತ್ತಿದ್ದ. ಅವನಿಗೂ ಒಂದು ಮರದ ಕೋವಿ ಸಿಕ್ಕಿತ್ತು. ಮುಂದಿನ ಸಂತೆಯ ದಿನ ಇಬ್ಬರೂ ಬಂದರು. ವ್ಯಾಪಾರಿಯ ಮುಖ ಬಾಡಿತ್ತು. ಮೊದಲ ದಿನವೇ ಮಗಳು ಏನೋ ಕೇಳಿದಳಂತೆ. ಇವನು ಏನಮ್ಮಾ ಎಂದು ತಿರುಗಿದನಂತೆ. ಇವನ ಜೊತೆ ಕೋವಿಯ ಬಾಯಿಯೂ ಅವಳ ಎದೆಯ ಕಡೆಗೆ ತಿರುಗಿತಂತೆ. ಮರದ್ದೆಂದು ಗೊತ್ತಿದ್ದರೂ ಆಮೇಲೆ ಅನ್ನ ಸೇರಲಿಲ್ಲ ಎಂದು ಹೇಳಿ ಕಣ್ಣು ಒರೆಸಿಕೊಂಡ. ಸಿಪಾಯಿ ಅವನ ಬೆನ್ನು ತಟ್ಟಿ, ನೀನು ಕಲಿತೆ ಎಂದ.

“ನನ್ನಿಂದ ಒಂದು ಸಲವೂ ತಪ್ಪಾಗಲಿಲ್ಲ,” ಎಂದ ರೈತ.

“ಮನೇಲಿ ಯಾರ್ಯಾರಿದ್ದೀರಿ?”

“ನಾನೊಬ್ಬನೇ.”

“ಹಂಗಾದ್ರೆ ನೀನಿನ್ನೂ ಶುರುವೇ ಮಾಡಿಲ್ಲ ಬಿಡು.”

ರೈತನಿಗೆ ಈ ಮಾತು ನಾಟಿತು. ತಪ್ಪು ಮಾಡಿದವನಿಗೆ ಶಭಾಸ್, ಮಾಡದವನಿಗೆ ಬೈಗುಳ. ಇದು ಯಾವ ಸೀಮೆಯ ಪಾಠ ಎಂದುಕೊಂಡ. ಸಂಜೆ ಅಟ್ಟಣೆ ಹತ್ತಿ ಮರದ ಕೋವಿಯನ್ನು ಪಕ್ಕದಲ್ಲಿ ಮಲಗಿಸಿ, ಅದರ ಬಾಯನ್ನು ಕಾಡಿನ ಕಡೆಗೆ ತಿರುಗಿಸಿದ. ಪಕ್ಕದಲ್ಲಿ ಏನೋ ಒಂದು ಮಲಗಿದೆ ಎನ್ನಿಸಿತು. ಅಷ್ಟಕ್ಕೇ ಅವನಿಗೆ ನಿದ್ದೆ ಹತ್ತಿತು. ಮರದ ತುಂಡೊಂದು ಪಕ್ಕದಲ್ಲಿದ್ದರೆ ನಿದ್ದೆ ಬರುವಷ್ಟು ಒಂಟಿಯಾಗಿದ್ದ ಅವನು.

ಪಾಠ ಮುಂದುವರಿಯಿತು. ಕೋವಿಯಲ್ಲಿ ಗುಂಡು ಇದೆ ಎಂದೇ ತಿಳಿಯಬೇಕು. ಕೊಟ್ಟವನು ಕಣ್ಣೆದುರೇ ತೆಗೆದು ತೋರಿಸಿ ಕೊಟ್ಟರೂ ನೀನು ಇನ್ನೊಮ್ಮೆ ತೆಗೆದು ನೋಡಬೇಕು. ಅವನಿಗೆ ಅವಮಾನವಾದೀತು ಎಂಬ ಸಂಕೋಚ ಬೇಡ. ಗುರಿ ಇದೇ ಎಂದು ಮನಸ್ಸು ಗಟ್ಟಿಯಾಗುವ ತನಕ ಬೆರಳು ಗುಂಡು ಹಾರಿಸುವ ಕುದುರೆಗೆ ತಾಕಬಾರದು. ಬೇಲಿ ದಾಟುವಾಗ ಗುಂಡಿನ ತೋಟಾ ತೆಗೆದು, ಕೋವಿಯನ್ನು ಮೊದಲು ಆಚೆಗೆ ಮಲಗಿಸಿ, ಆಮೇಲೆ ನೀನು ದಾಟಬೇಕು. ಮನೆಯಲ್ಲಿ ಕೋವಿ ಒಂದು ಕಡೆ ಬೀಗದಲ್ಲಿ, ತೋಟಾ ಇನ್ನೊಂದು ಕಡೆ ಬೀಗದಲ್ಲಿ. ಇದನ್ನೆಲ್ಲ ಸಿಪಾಯಿ ಬಾಯಲ್ಲಿ ಹೇಳಿದ್ದು ಕಡಿಮೆ. ಮಾಡಿಸಿದ, ಮತ್ತೆ ಮಾಡಿಸಿದ, ಬೇಸರ ಬರುವಷ್ಟು ಮಾಡಿಸಿದ. ವ್ಯಾಪಾರಿ ನಡುವೆಯೇ ಕೋವಿಯ ಆಸೆ ಬಿಟ್ಟು ಒಂದು ನಾಯಿ ಸಾಕಿಕೊಂಡ. ಬುದ್ಧಿವಂತ. ರೈತನೊಬ್ಬ ಉಳಿದ.

ಕೊನೆಗೆ ನಿಜವಾದ ಕೋವಿ ಕೈಗೆ ಬಂತು. ಕ್ವಾರಿಯ ಗೋಡೆಗೆ ಆನಿಸಿ ಒಂದು ಒಡಕು ಮಡಕೆ ಇಟ್ಟಿದ್ದರು. ಕೋವಿಯ ಬುಡ ಭುಜದಲ್ಲಿ ಸರಿಯಾಗಿ ಕೂತಿರಲಿಲ್ಲ. ಸಿಪಾಯಿ ಹಿಂದಿನಿಂದ ಬಂದು ಒಂದು ಕೈಯನ್ನು ಅವನ ಭುಜದ ಮೇಲಿಟ್ಟು, ಇನ್ನೊಂದರಿಂದ ಬುಡವನ್ನು ಒತ್ತಿ ಕೂರಿಸಿದ. ಹೆಂಡತಿಯನ್ನು ಮಣ್ಣು ಮಾಡಿ ಬಂದ ದಿನದಿಂದ ಈಚೆಗೆ ಅವನ ಮೈಮೇಲೆ ಇನ್ನೊಬ್ಬರ ಕೈ ಬಿದ್ದದ್ದು ಅದೇ ಮೊದಲು. ಅವನಿಗೆ ಮಡಕೆ ಕಾಣಿಸಲಿಲ್ಲ, ಕಣ್ಣು ಮಂಜಾಯಿತು. “ಗುರಿ ಕಾಣ್ತಿಲ್ಲವಾ? ಕಾಣದಿದ್ದರೆ ಹೊಡೀಬೇಡ. ಇಳಿಸು,” ಎಂದ ಸಿಪಾಯಿ. ಇಳಿಸಿದ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಎತ್ತಿ ಹೊಡೆದ. ಮಡಕೆ ಒಡೆಯಿತು.

“ಕಲಿತಂಗಾಯ್ತಾ ಅಣ್ಣ? ಇನ್ನು ಕೊಳ್ಳಬಹುದಾ?”

“ಕೋವಿ ಕಲಿತೆ. ಇನ್ನು ಹೊಲ ಕಲೀಬೇಕು. ಇಲ್ಲಿ ತಪ್ಪಿದ ಗುಂಡಿಗೆ ಕಲ್ಲಿನ ಗೋಡೆ ಇದೆ. ನಿನ್ನ ಹೊಲದಲ್ಲಿ ಹಂದಿಯ ಹಿಂದೆ ಏನಿದೆ, ಯಾರಿದ್ದಾರೆ?”

“ಯಾರೂ ಇಲ್ಲ.”

“ನಡಿ, ನೋಡೋಣ,” ಎಂದ ಸಿಪಾಯಿ.

ಹೊತ್ತು ಇಳಿಯುವಾಗ ಇಬ್ಬರೂ ಹಳ್ಳದೊಳಗಿನಿಂದಲೇ ಹೊಲಕ್ಕೆ ಬಂದರು. ಸಿಪಾಯಿ ಅಟ್ಟಣೆ ಹತ್ತಿ ಸುತ್ತ ನೋಡಿದ. ನೋಡುತ್ತ ಅಟ್ಟಣೆಯ ಕಂಬದ ಮೇಲೆ ಕೈಯಿಟ್ಟವನು ಕೈಯನ್ನು ಅಲ್ಲೇ ನಿಲ್ಲಿಸಿದ. ಮೂಡಲಿಗೆ ಮುಖ ಮಾಡಿದ ಕಂಬದಲ್ಲಿ ಅಲ್ಲಲ್ಲಿ ತೂತು. ಒಂದು ತೂತನ್ನು ಚೂರಿಯಿಂದ ಕೆದಕಿದ. ಚರೆ ಸಿಕ್ಕಿತು, ಕೋವಿಯಿಂದ ಹಾರಿ ಬರುವ ಸೀಸದ ಕಾಳು. ಅದನ್ನು ಅಂಗೈಯಲ್ಲಿಟ್ಟು ರೈತನ ಮುಖ ನೋಡಿದ.

ಆಗ ರೈತ ಇಷ್ಟು ದಿನ ಹೇಳದೆ ಇದ್ದದ್ದನ್ನು ಹೇಳಿದ. “ಕೋವಿ ಹಂದಿಗಲ್ಲ ಅಣ್ಣ. ದಿಬ್ಬದ ಮೇಲಿನ ಮೂಡಲ ಹೊಲದವನು ನನ್ನನ್ನ ಮುಗಿಸಬೇಕು ಅಂತಿದ್ದಾನೆ. ಹೋದ ಬೆಳೆಯಿಂದ ಹೊಡೀತಾ ಇದ್ದಾನೆ. ಒಂದು ಸಲ ಕಿವಿ ಪಕ್ಕದಲ್ಲೇ ಹೋಯ್ತು. ಹೇಳೋರು ಕೇಳೋರು ಇಲ್ಲದವನು, ಸತ್ತರೆ ಹೊಲ ತನಗೆ ಅಂತ ಅವನ ಲೆಕ್ಕ. ಹೆಂಡತಿ ಚಟ್ಟಕ್ಕೆ ಮೊದಲು ಹೆಗಲು ಕೊಟ್ಟವನು ಅವನೇ. ನಾನು ಅವನನ್ನ ಬಿಡೋದಿಲ್ಲ.”

ಸಿಪಾಯಿ ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಚರೆಯನ್ನು ಜೇಬಿಗೆ ಹಾಕಿಕೊಂಡು ಕೂತ. ತಾನು ಕಲಿಸಿದ್ದೆಲ್ಲ ಯಾತಕ್ಕೆ ಎಂದು ಅವನಿಗೀಗ ಗೊತ್ತಾಗಿತ್ತು. ಏನು ಮಾಡಬೇಕೆಂದು ಗೊತ್ತಾಗಿರಲಿಲ್ಲ.

ಅಷ್ಟರಲ್ಲಿ ದೂರದಲ್ಲಿ, ಸಾಲಿನ ಮೂಡಲ ತುದಿಯ ಹೊಲದಿಂದ ಒಂದು ಕೂಗು ಎದ್ದಿತು. ಓಹೋ ಎಂದು ಉದ್ದಕ್ಕೆ. ಅದರ ಪಕ್ಕದ ಹೊಲದವನು ಓ ಎಂದ. ಅವನು ಕೂಗಿದ, ಮುಂದಿನವನು ಓಗೊಟ್ಟ. ಹೀಗೆ ಒಂದು ಅಟ್ಟಣೆಯಿಂದ ಇನ್ನೊಂದಕ್ಕೆ ಕೂಗು ದಾಟಿಕೊಂಡು ಬಂತು. ಕೊನೆಗೆ ದಿಬ್ಬದ ಮೂಡಲ ಹೊಲದವನೂ ಕೂಗಿದ. ಅವನ ಕೂಗು ಇವರ ತಲೆಯ ಮೇಲೆ ಹಾದುಹೋಯಿತು. ಓ ಎಂದದ್ದು ಹಳ್ಳದಾಚೆಯ ಹೊಲ.

“ಇದೇನಪ್ಪ ಇದು?” ಎಂದ ಸಿಪಾಯಿ. ಅವನು ಬೇರೆ ಸೀಮೆಯವನು.

“ಕತ್ತಲಾಗೋ ಮುಂಚೆ ಕೂಗೋ ಪದ್ಧತಿ. ಯಾವ್ಯಾವ ಹೊಲದಲ್ಲಿ ಕಾವಲಿದ್ದಾರೆ ಅಂತ ಗೊತ್ತಾಗಲಿ ಅಂತ. ಓ ಅಂದ ಕಡೆಗೆ ಯಾರೂ ಕೋವಿ ತಿರುಗಿಸೋದಿಲ್ಲ.”

“ನಿನ್ನ ಹೊಲ?”

“ಅವಳಿದ್ದಾಗ ಅವಳು ಓ ಅಂತಿದ್ದಳು. ದೊಡ್ಡ ಗಂಟಲು ಅವಳದು. ಆಮೇಲೆ ನಾನು…” ಎಂದು ರೈತ ನಿಲ್ಲಿಸಿದ. ಅವಳ ದನಿ ಇದ್ದ ಜಾಗಕ್ಕೆ ತನ್ನ ದನಿ ಹಾಕಲು ಮನಸ್ಸು ಬಂದಿರಲಿಲ್ಲ. ಮೊದಮೊದಲು ಮೂಡಲ ಹೊಲದವನು ಕೂಗಿ ಒಂದಷ್ಟು ಹೊತ್ತು ಕಾಯುತ್ತಿದ್ದ. ಇನ್ನೊಮ್ಮೆ ಕೂಗುತ್ತಿದ್ದ. ಒಂದು ದಿನ ಕಾಯುವುದನ್ನು ಬಿಟ್ಟ. ಅದು ನೆನಪಿತ್ತು ಇವನಿಗೆ. ಆ ದಿನ ಸದ್ಯ ಕಾಟ ತಪ್ಪಿತು ಎಂದುಕೊಂಡಿದ್ದ.

“ಹಂಗಾದ್ರೆ ಅವರು ಯಾವ ಕಡೆಗೆ ಹೊಡೀತಾರೆ?” ಎಂದು ಸಿಪಾಯಿ ಮೆಲ್ಲಗೆ ಕೇಳಿದ.

ರೈತ ಉತ್ತರ ಹೇಳಲು ಹೋದ. ಹೇಳುವ ಮೊದಲೇ ಅರ್ಥವಾಯಿತು. ಓಗೊಡದ ಹೊಲ ಆ ಸಾಲಿನಲ್ಲಿ ಒಂದೇ ಒಂದು. ಬೆಂಕಿಯೂ ಇಲ್ಲದ, ದನಿಯೂ ಇಲ್ಲದ ತಗ್ಗಿನ ಹೊಲ. ಕೋವಿಯ ನಿಯಮ ತಿಳಿದ ಯಾವನಾದರೂ ಆ ಕಡೆಗೇ ಹೊಡೆದಾನು. ತಾನೂ ಅವರ ಜಾಗದಲ್ಲಿದ್ದರೆ ಅಲ್ಲಿಗೇ ಹೊಡೆಯುತ್ತಿದ್ದ.

ಹೆಂಡತಿಯನ್ನು ಕಳೆದುಕೊಂಡ ದಿನ ಬಿಟ್ಟರೆ ಅಂಥ ಸಂಕಟ ಅವನಿಗೆ ಯಾವತ್ತೂ ಆಗಿರಲಿಲ್ಲ. ಕೊಲ್ಲಲು ಕಾಯುವ ಶತ್ರು ಒಬ್ಬನಿದ್ದಾನೆ ಎಂದುಕೊಂಡು ಅವನು ಅಷ್ಟು ದಿನ ಬದುಕಿದ್ದ. ಮಲಗುವಾಗ ಅವನನ್ನು ನೆನೆಯುತ್ತಿದ್ದ, ಏಳುವಾಗ ಅವನನ್ನು ನೆನೆಯುತ್ತಿದ್ದ. ಶತ್ರುವಾದರೂ ಸರಿ, ತನ್ನನ್ನೂ ಒಬ್ಬ ನೆನೆಯುತ್ತಾನಲ್ಲ. ಈಗ ಅವನೂ ಇಲ್ಲವಾದ. ಇವನ ಮೇಲೆ ಯಾರೂ ಗುರಿಯಿಟ್ಟಿರಲಿಲ್ಲ. ಗುರಿಯಿಡುವುದಕ್ಕೂ ಅಲ್ಲಿ ಒಬ್ಬನಿದ್ದಾನೆಂದು ಯಾರಿಗೂ ಗೊತ್ತಿರಲಿಲ್ಲ.

ಹೊಲದ ಅಂಚಿನಲ್ಲಿ ಗಿಡಗಳು ಅಲುಗಿದವು. ಹಂದಿಗಳು ಬಂದವು. ದಿಬ್ಬದ ಮೇಲಿಂದ ಮೂಡಲ ಹೊಲದವನ ದನಿ ಕೇಳಿಸಿತು.

“ಪಾಳು ಹೊಲಕ್ಕೆ ಇಳಿದವು ಕಣ್ರಲೋ! ಹೊಡೀತೀನಿ, ಯಾರೂ ಇಳೀಬೇಡಿ!”

ಪಾಳು ಹೊಲ. ಬಿತ್ತಿ, ಕಳೆ ತೆಗೆದು, ಕಾಯಿ ಕಟ್ಟಿಸಿದ ಹೊಲಕ್ಕೆ ಆ ಹೆಸರು ಬಿದ್ದದ್ದನ್ನು ರೈತ ಮೊದಲ ಸಲ ಕೇಳಿದ. ಸಿಪಾಯಿ ದಡಬಡ ಎದ್ದು ಕೂಗಲು ಬಾಯಿಗೆ ಕೈ ಅಡ್ಡ ಹಿಡಿದ. ಅಷ್ಟರಲ್ಲಿ ಪಕ್ಕದಲ್ಲಿ ಏನೋ ಒಡೆದಂತಾಯಿತು. ರೈತನ ಗಂಟಲು ಅದು.

“ಓ…!”

ಚೆಂದದ ಕೂಗಲ್ಲ. ಅರ್ಧಕ್ಕೆ ಸೀಳಿಹೋದ ಕೂಗು. ಆದರೆ ಸಾಲಿನ ಹೊಲಗಳೆಲ್ಲ ಒಮ್ಮೆಗೇ ಸುಮ್ಮನಾದವು. ದಿಬ್ಬದ ಮೇಲಿನವನು ಕೇಳಿದ.

“ಯಾರದು?”

ರೈತನಿಗೆ ತನ್ನ ಹೆಸರು ಹೇಳಲು ತೋಚಲಿಲ್ಲ. ಆ ಹೊಲದ ಹೆಸರಾಗಿ ಅವರು ಕೇಳಿದ್ದ ದನಿ ಅವನ ಹೆಂಡತಿಯದು. “ದೊಡ್ಡತಾಯಿ ಗಂಡ ಕಣಪ್ಪೋ! ಇಲ್ಲೇ ಇವ್ನಿ!” ಎಂದ.

“ಅಯ್ಯೋ ಶಿವನೇ! ಹೊಡೀಲಿಲ್ಲ ಕಣಪ್ಪ, ತೋಟಾ ತೆಗೆದೆ. ತೆಗೆದೆ ಕಣಪ್ಪ.” ಆಮೇಲೆ ದಿಬ್ಬದವನು ಸಣ್ಣಗೆ ಕೇಳಿದ. “ನೀನು ಮನೇಲಿ ಮಲಗ್ತೀಯ ಅಂದ್ಕೊಂಡಿದ್ದೆ. ಯಾವತ್ತಿಂದ ಇದ್ದೀಯಪ್ಪ ಅಲ್ಲಿ?”

ಈ ಪ್ರಶ್ನೆಗೆ ರೈತ ಉತ್ತರ ಕೊಡಲಿಲ್ಲ. ಕೊಟ್ಟರೆ ಆ ಮನುಷ್ಯ ಇನ್ನು ಯಾವತ್ತೂ ನಿದ್ದೆ ಮಾಡಲಾರ ಎಂದು ಅವನಿಗೆ ಗೊತ್ತಿತ್ತು. ಬಹಳ ದಿನದ ಮೇಲೆ ಅವನು ಇನ್ನೊಬ್ಬರ ನಿದ್ದೆಯ ಬಗ್ಗೆ ಯೋಚಿಸಿದ. ಕಂಬದ ತೂತುಗಳನ್ನು ಮರುದಿನವೇ ಜೇಡಿಮಣ್ಣಿನಿಂದ ಮುಚ್ಚಿದ.

ಸ್ವಲ್ಪ ಹೊತ್ತಿಗೆ ಮೂಡಲ ತುದಿಯವನು ಮತ್ತೆ ಮೊದಲಿನಿಂದ ಕೂಗು ಎತ್ತಿದ. ಒಮ್ಮೆ ಮುಗಿದ ಕೂಗನ್ನು ಮತ್ತೆ ಎತ್ತುವ ಪದ್ಧತಿ ಅಲ್ಲಿರಲಿಲ್ಲ. ಕೂಗು ಹೊಲದಿಂದ ಹೊಲಕ್ಕೆ ದಾಟಿಕೊಂಡು ಬಂತು, ದಿಬ್ಬದವನ ತನಕ ಬಂತು. ದಿಬ್ಬದವನು ಕೂಗಿ, ಕಾದ. ಹಳ್ಳದಾಚೆಯವನೂ ಓ ಎನ್ನದೆ ಕಾದ. ರೈತ ಓ ಎಂದ. ಆಮೇಲೆ ತಾನೂ ಕೂಗಿ, ಕೂಗನ್ನು ಹಳ್ಳದಾಚೆಗೆ ದಾಟಿಸಿ, ಮೊಣಕಾಲಿನ ನಡುವೆ ಮುಖವಿಟ್ಟು ಅತ್ತ. ಅವಳು ಸತ್ತಿದ್ದಾಳೆ ಎಂಬುದು ಅವನಿಗೆ ಪೂರ್ತಿ ಗೊತ್ತಾದದ್ದು ಆ ಗಳಿಗೆಯಲ್ಲಿ. ಹಂದಿಗಳು ಅಷ್ಟರಲ್ಲಿ ಹೊಟ್ಟೆತುಂಬ ಕಡಲೆಕಾಯಿ ತಿಂದು ಹೋದವು.

ಅಯ್ಯನವರು ಕತೆ ನಿಲ್ಲಿಸಿ ಬಿಡಿಸಿದ ಹುಣಿಸೆಹಣ್ಣನ್ನು ಒತ್ತಿ ಉಂಡೆ ಮಾಡಿದರು.

“ಆಮೇಲೆ ಕೋವಿ ಕೊಂಡನೇ ಬುದ್ಧಿ?” ಎಂದು ಗುರುಮಲ್ಲ ಕೇಳಿದ.

“ಕೊಂಡ. ಇವನು ಅತ್ತನೆಂದು ಹಂದಿ ಬರುವುದನ್ನು ಬಿಟ್ಟೀತೇ? ಈಗಲೂ ಅಟ್ಟಣೆಯ ಮೇಲೆ ಒಬ್ಬನೇ ಮಲಗುತ್ತಾನೆ. ಮಾತು ಕಡಿಮೆಯೇ. ಆದರೆ ಸಂಜೆಯ ಕೂಗಿಗೆ ಒಂದು ದಿನವೂ ಓ ಎನ್ನದೆ ಇಲ್ಲ.”

ಗುರುಮಲ್ಲ ನಕ್ಕ. “ನನ್ನ ಗವಿಯ ಕಡೆಗೆ ಯಾರೂ ಕೋವಿ ಹಾರಿಸುವುದಿಲ್ಲ ಬುದ್ಧಿ. ಹಾಗಾದರೆ ನಾನು ಹೊರಡಬಹುದಲ್ಲ?” ಎಂದು ಗಂಟನ್ನು ಹೆಗಲಿಗೇರಿಸಿದ.

“ಹೊರಡಪ್ಪ, ನೀನು ಅಲ್ಲಿದ್ದೀಯೆಂದು ಯಾರಿಗೆ ಹೇಳಿ ಹೋಗುತ್ತೀ?” ಎಂದರು ಅಯ್ಯನವರು.

ಗುರುಮಲ್ಲನ ಬಾಯಿಗೆ ಒಂದು ಹೆಸರೂ ಬರಲಿಲ್ಲ.